ಭರಣಿಯಲ್ಲಿ ನೀಚ ಶನಿ: ಪಾದ ನೋಡಿದ್ರಾ?

ನಮಸ್ಕಾರ. 1999ರ ಅಕ್ಟೋಬರ್ ಮಧ್ಯದಲ್ಲಿ ಹುಟ್ಟಿದ್ದು, ಜಾತಕದಲ್ಲಿ ಶನಿ ಮೇಷದ 21 ಡಿಗ್ರಿಯಲ್ಲಿ, ಭರಣಿ ನಕ್ಷತ್ರ, "ನೀಚ ಶನಿ, ಮದುವೆ ಕಷ್ಟ ಅಂದುಬಿಟ್ರು, ನಿಜವಾ?" ಅಂತ ಕೇಳಿದ್ದೀರಿ.

ರಾಶಿಯಷ್ಟೇ ನೋಡಿ ಹಾಗೆ ಹೇಳಿದ್ದಾರೆ ಅನಿಸುತ್ತೆ. ಮೇಷದಲ್ಲಿ ಶನಿ ನೀಚ (ಬಲ ಕಳೆದುಕೊಂಡವನು), ಪರಮನೀಚ, ಅಂದ್ರೆ ಬಲ ತೀರಾ ಕಡಿಮೆ, 20 ಡಿಗ್ರಿಗೆ, ಅದು ಸರಿ. ಆದ್ರೆ 20 ದಾಟಿದ ಕೂಡಲೇ ಭರಣಿ ಮೂರನೇ ಪಾದ (ನಕ್ಷತ್ರದ ನಾಲ್ಕು ಭಾಗದಲ್ಲಿ ಮೂರನೆಯದು) ಶುರು. ಅದರ ನವಾಂಶ (ರಾಶಿಯನ್ನು ಒಂಬತ್ತು ಭಾಗ ಮಾಡಿ ನೋಡೋ ಕುಂಡಲಿ) ತುಲಾ, ಶನಿಯ ಉಚ್ಚ ರಾಶಿ, ಅಂದ್ರೆ ಅವನಿಗೆ ಬಲ ಹೆಚ್ಚು ಇರೋ ರಾಶಿ! ರಾಶಿ ಕುಂಡಲಿಯಲ್ಲಿ ಸೋತವನು ನವಾಂಶದಲ್ಲಿ ಎದ್ದು ಕೂತಿದ್ದಾನೆ. 20 ಡಿಗ್ರಿಗಿಂತ ಸ್ವಲ್ಪ ಹಿಂದೆ ಇದ್ದಿದ್ರೆ ಕನ್ಯಾ ನವಾಂಶ, ಮಾತೇ ಬೇರೆ. ಹಾಗಾಗಿ ಹುಟ್ಟಿದ ಸಮಯ, ಡಿಗ್ರಿ ಎರಡನ್ನೂ ದೃಗ್ಗಣಿತದಲ್ಲಿ (ಗ್ರಹಗಳ ನಿಜವಾದ ಸ್ಥಾನದ ಲೆಕ್ಕ) ಇನ್ನೊಮ್ಮೆ ತಾಳೆ ನೋಡಿ.

ಭರಣಿಗೆ ದೇವತೆ ಯಮ, ಅಧಿಪತಿ ಶುಕ್ರ. ಯಮ, ಶನಿ ಇಬ್ಬರೂ ಸೂರ್ಯನ ಮಕ್ಕಳೇ (ಮನೆಯೊಳಗಿನ ವ್ಯವಹಾರ ಅನ್ನಿ). ಇಲ್ಲಿ ಶನಿ ಫಲ ಕೊಡೋದು ಶುಕ್ರನ ಕೈಯಿಂದ. ಆ ಶುಕ್ರ ಯಾವ ಭಾವದಲ್ಲಿದ್ದಾನೆ (ಕುಂಡಲಿಯ ಯಾವ ಮನೆ), ಲಗ್ನ (ಹುಟ್ಟಿದಾಗ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ) ಯಾವುದು ಅಂತ ನೀವು ಬರೆದೇ ಇಲ್ಲ! ನೀವು ಹುಟ್ಟಿದಾಗ ಶನಿ ವಕ್ರಿ (ಹಿಂದಕ್ಕೆ ಚಲಿಸಿದ ಹಾಗೆ ಕಾಣೋದು), ಗುರುವೂ ಮೇಷದಲ್ಲೇ ಇದ್ದ. ನನ್ನ ಲೆಕ್ಕದಲ್ಲಿ ಮದುವೆ ತಡ ಆಗಬಹುದು, ತಪ್ಪಿಹೋಗೋದಿಲ್ಲ. ಲಗ್ನ, ಈಗಿನ ದಶೆ (ಈಗ ಯಾವ ಗ್ರಹದ ಅವಧಿ ನಡೀತಿದೆ) ಹಾಕಿ, ಮುಂದೆ ನೋಡೋಣ.