ನೀಲಿ ಕಣ್ಣಿನ ಪ್ರಯೋಗವನ್ನು ನಮ್ಮ ಹಳ್ಳಿಯ ಶಾಲೆಯಲ್ಲಿ ಮಾಡಬಹುದೇ?

ತಾರತಮ್ಯದ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ಬದಲು ಒಂದು ದಿನ ಅವರೇ ಅದನ್ನು ಅನುಭವಿಸುವಂತೆ ಮಾಡಿದರೆ ಮನಸ್ಸಿಗೆ ನಾಟುತ್ತದೆಯೇ, ಅಮೆರಿಕದ ನೀಲಿ ಕಣ್ಣಿನ ಪ್ರಯೋಗ ನಮ್ಮಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಕೋಲಾರ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಅದನ್ನು ಒಮ್ಮೆ ಮಾಡಿದ್ದೇನೆ. ಮತ್ತೆ ಮಾಡಲಿಲ್ಲ, ಮಾಡುವುದೂ ಇಲ್ಲ.

1968ರ ಏಪ್ರಿಲ್ 4ರಂದು, ಅಮೆರಿಕದ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಮರುದಿನ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮೂರನೇ ತರಗತಿಯ ಶಿಕ್ಷಕಿ ಜೇನ್ ಎಲಿಯಟ್ ಅವರು ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪು ಮೇಲು, ಇನ್ನೊಂದು ಕೀಳು ಎಂದು ಹೇಳಿದರು. ಆಮೇಲೆ ಅದನ್ನೇ ತಿರುವುಮುರುವು ಮಾಡಿದರು. ಮೇಲೆನಿಸಿಕೊಂಡವರ ದನಿ ಬಹುಬೇಗ ಏರಿತು, ಕೀಳೆನಿಸಿಕೊಂಡವರು ಬಲ್ಲ ಪಾಠದಲ್ಲೂ ತಡವರಿಸಿದರು. ಆ ತರಗತಿಯ ಮಕ್ಕಳೆಲ್ಲ ಬಿಳಿಯರೇ ಆಗಿದ್ದರು. ಈ ಸಂಗತಿಗೆ ನಾನು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ.

ನನ್ನ ಒಂಬತ್ತನೇ ತರಗತಿಯಲ್ಲಿ ಸಮಸಂಖ್ಯೆಯ ತಾರೀಕಿನಲ್ಲಿ ಹುಟ್ಟಿದವರು ಮೇಲು, ಬೆಸಸಂಖ್ಯೆಯವರು ಕೀಳು ಎಂದು ಮಾಡಿದೆ. ಕೀಳು ಗುಂಪಿನವರು ಹಿಂದಿನ ಬೆಂಚಿನಲ್ಲಿ ಕೂರಬೇಕು. ಕೊಡವನ್ನಾಗಲಿ ಲೋಟವನ್ನಾಗಲಿ ಮುಟ್ಟುವಂತಿಲ್ಲ. ಇನ್ನೊಬ್ಬರು ಎತ್ತಿ ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿಯಬೇಕು. ಎರಡನೇ ಪೀರಿಯಡ್ಡಿನ ಹೊತ್ತಿಗೇ ಹಲವರು ಸಿಟ್ಟಾದರು, ಒಬ್ಬಳು ಅತ್ತಳು. ನೀರು ಕುಡಿಯಲು ಬಂದವರೆಲ್ಲ ಅಂಗಿ ತೋಯಿಸಿಕೊಂಡರು. ಒಬ್ಬ ಹುಡುಗ ಮಾತ್ರ ಸೊಂಟ ಬಗ್ಗಿಸಿ, ಮೊಣಕೈಗಳನ್ನು ಮೈಯಿಂದ ದೂರ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಕುಡಿದು, ಯಾರೂ ಹೇಳದೆಯೇ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಅವನು ಊರಾಚೆಯ ಕಾಲೋನಿಯ ಹುಡುಗ.

ಬಾಲ್ಯದಲ್ಲಿ ನಮ್ಮ ಮನೆಯ ಕೊಟ್ಟಿಗೆಯ ಬಳಿ, ಕೂಲಿಗೆ ಬಂದವರಿಗೆ ಚೊಂಬಿನಿಂದ ಹಾಗೆ ನೀರು ಹೊಯ್ದವನು ನಾನು. ಅವನ ಬಗ್ಗಿದ ಬೆನ್ನನ್ನು ಕಂಡ ಕೂಡಲೇ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದೆ. ಉಳಿದವರಿಗೆ ಅದು ಸಂಜೆ ನಾಲ್ಕೂವರೆಗೆ ಮುಗಿಯುವ ಅವಮಾನ, ಅವನಿಗೆ ದಿನದ ಬದುಕು. ಒಬ್ಬರಿಗೆ ನೋವಿನ ಅರಿವಾಗಲೆಂದು ಆ ನೋವನ್ನು ಈಗಾಗಲೇ ಉಣ್ಣುತ್ತಿರುವ ಮಗುವನ್ನು ಎಲ್ಲರ ಎದುರು ಮತ್ತೊಮ್ಮೆ ಬಗ್ಗಿಸುವ ಹಕ್ಕು ಯಾವ ಶಿಕ್ಷಕನಿಗೂ ಇಲ್ಲ. ಮರುದಿನ ಅವನನ್ನು ಪ್ರತ್ಯೇಕವಾಗಿ ಕರೆದು ಕ್ಷಮೆ ಕೇಳಿದೆ. ಅವನು "ಪರವಾಗಿಲ್ಲ ಸಾರ್" ಎಂದ. ಆ ಮಾತನ್ನೂ ಅವನು ಎಲ್ಲೆಲ್ಲಿ ಹೇಳಿ ರೂಢಿ ಮಾಡಿಕೊಂಡಿದ್ದನೋ ಎಂದು ಇಂದಿಗೂ ಯೋಚಿಸುತ್ತೇನೆ.

ಅನುಭವದಿಂದ ಕಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಅವಮಾನವನ್ನು ನಟಿಸಿ ತೋರಿಸುವುದಕ್ಕಿಂತ, ಅದರಲ್ಲಿ ತಮ್ಮ ಮನೆಯ ಪಾಲೆಷ್ಟು ಎಂಬುದನ್ನು ಮಕ್ಕಳು ಸ್ವತಃ ಕಾಣುವುದು ಮುಖ್ಯ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ ಎಂಬುದು ಎಲ್ಲರಿಗೂ ಬಾಯಿಪಾಠವಿರುತ್ತದೆ. ಆದರೂ 2022ರಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ಉತ್ಸವದ ದೇವರ ಕೋಲನ್ನು ದಲಿತ ಬಾಲಕ ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಲಾಯಿತು. ಈಗ ನಾನು ಈ ಘಟನೆಯನ್ನೂ, ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಗೋಣಿಚೀಲದ ಮೇಲೆ ಕೂತದ್ದನ್ನೂ, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ಅವರಿಗೆ ನೀರು ಸಿಗದಿದ್ದುದನ್ನೂ ಹೇಳಿ, ಒಂದು ಕೆಲಸ ಕೊಡುತ್ತೇನೆ: ನಿಮ್ಮ ಮನೆಗೆ ಬಂದವರಲ್ಲಿ ಯಾರು ಎಲ್ಲಿಯವರೆಗೆ ಒಳಗೆ ಬರುತ್ತಾರೆ, ಯಾರಿಗೆ ಯಾವ ಲೋಟ ಎಂಬುದನ್ನು ಒಂದು ವಾರ ಗಮನಿಸಿ, ಹೆಸರಿಲ್ಲದೆ ಬರೆದು ತನ್ನಿ, ಇಷ್ಟವಿಲ್ಲದವರು ಬರೆಯಬೇಕಾಗಿಲ್ಲ.

ಹಿತ್ತಲಿನ ಗೋಡೆಯ ಗೂಡಿನಲ್ಲಿರುವ ಲೋಟ ಯಾರದೆಂದು ಅಜ್ಜಿಯನ್ನು ಕೇಳಿದ್ದಕ್ಕೆ ಬೈಸಿಕೊಂಡೆ ಎಂದು ಒಬ್ಬರು ಬರೆದಿದ್ದರು. ಆ ಹಾಳೆಗಳನ್ನು ನಾನು ತರಗತಿಯಲ್ಲಿ ಓದಿಸುವುದಿಲ್ಲ. ನೀವೂ ಓದಿಸಬೇಡಿ, ಚಿಕ್ಕ ಊರಿನಲ್ಲಿ ಕೈಬರಹವೇ ಯಾರ ಮನೆಯೆಂದು ಹೇಳಿಬಿಡುತ್ತದೆ.