ಬೆಳ್ಳಿ ಚೂಪಾಗಬೇಕು, ಕಪ್ಪು ಕೆಡಬಾರದು

ಪ್ರಶ್ನೆ: ನಮ್ಮದು ಬಿದ್ರಿ ಸಾಮಾನಿನ ಸಣ್ಣ ಅಂಗಡಿ. ಆನ್‌ಲೈನ್‌ನಲ್ಲಿ ಮಾರಲು ಫೋನಿನಲ್ಲೇ ಫೋಟೊ ತೆಗೆಯುತ್ತೇನೆ. ಬೆಳ್ಳಿ ಕುಸುರಿ ಎದ್ದು ಕಾಣಲಿ ಅಂತ ಶಾರ್ಪ್‌ನೆಸ್ ಜಾಸ್ತಿ ಮಾಡಿದರೆ ಕಪ್ಪು ಭಾಗದ ತುಂಬಾ ಕಾಳುಕಾಳು, ತಂತಿಯ ಸುತ್ತ ಬೇರೆಯದೇ ಗೆರೆ. ಕಡಿಮೆ ಮಾಡಿದರೆ ಕುಸುರಿ ಮಂಕು. ಏನು ಮಾಡಲಿ ಸರ್?
– ಓದುಗರು, ಬೀದರ್

ಉತ್ತರ: ಶಾರ್ಪನಿಂಗ್‌ಗೆ ಬಿದ್ರಿಗಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ. ಸತು-ತಾಮ್ರದ ಮೈಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ತಂದ ಆ ಕಪ್ಪಿಗೆ ಹೊಳಪಿಲ್ಲ. ಅಲ್ಲಿಂದ ಕ್ಯಾಮೆರಾಗೆ ಬರುವ ಬೆಳಕು ಕಡಿಮೆ, ಹಾಗಾಗಿ ನಾಯ್ಸ್ (ನೀವು ಹೇಳಿದ ಕಾಳುಕಾಳು) ಜಾಸ್ತಿ. ಪಕ್ಕದಲ್ಲೇ ಬೆಳ್ಳಿ ಫಳಫಳ.

ಸಾಮಾನ್ಯ ಶಾರ್ಪನಿಂಗ್ ಫೋಟೊದ ಒಂದು ಮಬ್ಬು ಪ್ರತಿ ಮಾಡಿಕೊಳ್ಳುತ್ತದೆ. ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಹಿಗ್ಗಿಸಿ ಮೂಲಕ್ಕೇ ಸೇರಿಸುತ್ತದೆ. ಲೆಕ್ಕ ನೋಡಿ. ಫೋಟೊದಲ್ಲಿ ಬೆಳಕನ್ನು 0ಯಿಂದ 255ರ ಅಂಕಿಯಲ್ಲಿ ಅಳೆಯುತ್ತಾರೆ; ಕಪ್ಪಿನ ಅಂಕಿ 30, ಬೆಳ್ಳಿಯದು 200 ಅಂತಿಟ್ಟುಕೊಳ್ಳಿ. ಅಂಚಿನಲ್ಲಿ ಮಬ್ಬು ಪ್ರತಿಯಲ್ಲಿ ಅವು 70 ಮತ್ತು 160 ಆಗುತ್ತವೆ. ವ್ಯತ್ಯಾಸ 40. ಅಮೌಂಟ್ (ಎಷ್ಟು ಹಿಗ್ಗಿಸಬೇಕು ಅನ್ನುವ ಅಳತೆ) 150 ಶೇಕಡಾ ಇಟ್ಟರೆ ಕಪ್ಪಿನಿಂದ 60 ಕಳೆದು, ಬೆಳ್ಳಿಗೆ 60 ಕೂಡುತ್ತದೆ. 0ಗಿಂತ ಕೆಳಗೆ ಕಪ್ಪಿಲ್ಲ, 255ರ ಮೇಲೆ ಬಿಳಿಯಿಲ್ಲ. ಎರಡೂ ಕಡೆ ಗೋಡೆಗೆ ಗುದ್ದಿ ನಿಲ್ಲುತ್ತದೆ. ನೀವು ಹೇಳಿದ ಗೆರೆ ಇದೇ, ಹೇಲೊ ಅನ್ನುತ್ತೇವೆ. ಇನ್ನು ನುಣುಪು ಕಪ್ಪಿನಲ್ಲಿ 28, 33 ಅಂತ ಸಣ್ಣಗೆ ಏರಿಳಿಯುತ್ತಿದ್ದ ನಾಯ್ಸ್ 25, 37 ಆಗಿ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆ ಮದ್ದು ಅಡಾಪ್ಟಿವ್ ಶಾರ್ಪನಿಂಗ್. ಅದು ಜಾಗ ನೋಡಿ ಕೈ ಹಾಕುತ್ತದೆ. ಪ್ರತಿ ಪಿಕ್ಸೆಲ್‌ನ ಸುತ್ತಮುತ್ತ ಎಷ್ಟು ಏರಿಳಿತ ಇದೆ ಅಂತ ಅಳೆಯುತ್ತದೆ. ಸಮತಟ್ಟು ಇದ್ದರೆ ಮುಟ್ಟುವುದಿಲ್ಲ. ಮಧ್ಯಮ ಏರಿಳಿತ ಇದ್ದರೆ, ಅಂದರೆ ಬೆಳ್ಳಿ ಎಲೆಯ ಮೇಲೆ ಕೊರೆದ ನರಗಳಂಥ ಜಾಗದಲ್ಲಿ, ಪೂರ್ತಿ ಬಲ ಹಾಕುತ್ತದೆ. ಒಳ್ಳೆಯ ವಿಧಾನಗಳು ಮೊದಲೇ ಚೂಪಾಗಿರುವ ಕಪ್ಪು-ಬೆಳ್ಳಿ ಅಂಚಿನಲ್ಲಿ ಮತ್ತೆ ಕೈ ಬಿಗಿಹಿಡಿಯುತ್ತವೆ.

ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನ ಮಾಸ್ಕಿಂಗ್ ಸ್ಲೈಡರ್ ಇದರ ಅರ್ಧ ಕೆಲಸ ಮಾಡುತ್ತದೆ. ಕಂಪ್ಯೂಟರಿನಲ್ಲಿ ಆಲ್ಟ್ ಒತ್ತಿ ಹಿಡಿದು ಅದನ್ನು ಎಳೆಯಿರಿ. ಬಿಳಿಯಾಗಿ ಕಾಣುವ ಕಡೆ ಮಾತ್ರ ಶಾರ್ಪ್ ಆಗುತ್ತದೆ. ಹೂದಾನಿಯ ಮೈ ಕಪ್ಪಾಗಿ, ಬಳ್ಳಿ-ಹೂವಷ್ಟೇ ಬಿಳಿಯಾಗಿ ಉಳಿದಲ್ಲಿ ಕೈ ಬಿಡಿ. ಕಾಳುಕಾಳು ಹೋಯಿತು. ಹೇಲೊ ಮಾತ್ರ ಇದರಿಂದ ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ದೊಡ್ಡ ಅಂಚು ಮಾಸ್ಕ್‌ನ (ಆ ಬಿಳಿ ಭಾಗದ) ಒಳಗೇ ಇದೆ. ಅದಕ್ಕೆ ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲಕ್ಕೆ ಶಾರ್ಪ್ ಆಗಬೇಕು ಅನ್ನುವುದು) 1ರ ಆಸುಪಾಸು ಇಟ್ಟು ಅಮೌಂಟ್ ತಗ್ಗಿಸಿ. ದುಡ್ಡು ಕೊಡಬೇಕಿಲ್ಲದ ರಾ-ಥೆರಪಿ ಸಾಫ್ಟ್‌ವೇರಿನಲ್ಲಿ ಹೇಲೊ ಕಂಟ್ರೋಲ್ ಅಂತಲೇ ಬೇರೆ ಆಯ್ಕೆ ಇದೆ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಗಿಂಪ್‌ನ ಥ್ರೆಶೋಲ್ಡ್ ಸ್ಲೈಡರ್ ಸಣ್ಣ ವ್ಯತ್ಯಾಸಗಳನ್ನು ಬಿಟ್ಟುಬಿಡುತ್ತದೆ, ಅಷ್ಟೇ. ಸುಮ್ನೆ ನಾಯ್ಸ್‌ಗಾದರೆ ಸಾಕು.

ಮೊದಲು ನಾಯ್ಸ್ ತೆಗೆಯಿರಿ, ಆಮೇಲೆ ಹಾಕಬೇಕಾದ ಸೈಜಿಗೆ ಇಳಿಸಿ, ಶಾರ್ಪನಿಂಗ್ ಕೊನೆಗೆ. 100 ಶೇಕಡಾ ಜೂಮ್‌ನಲ್ಲಿ ನೋಡುತ್ತಾ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಮೇಲೆ ಇದನ್ನೆಲ್ಲ ಮಾಡಬೇಡಿ, ಫೈಲ್ ಕುಗ್ಗಿಸುವಾಗ ಮೂಡಿದ ಚೌಕಗಳೇ ಚೂಪಾಗುತ್ತವೆ. ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಅಂದಹಾಗೆ, ಕಿಟಕಿ ಬೆಳಕಿನಲ್ಲಿ ಫೋನನ್ನು ಅಲುಗದಂತೆ ಇಟ್ಟು ತೆಗೆದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ತಂಗಿ ಮದುವೆಯ ಒಂದು ಫೋಟೊ ಅಲುಗಾಡಿದೆ. ಶಾರ್ಪ್ ಮಾಡಿದರೆ ಸರಿಹೋಗುತ್ತದಾ?
– ಓದುಗರು, ಯಾದಗಿರಿ

ಉತ್ತರ: ಇಲ್ಲ. ಅಲುಗಿದಾಗ ಒಂದು ಅಂಚು ಎರಡಾಗಿರುತ್ತದೆ, ಶಾರ್ಪ್ ಮಾಡಿದರೆ ಎರಡೂ ಚೂಪಾಗುತ್ತವೆ. ಎಐ ಆ್ಯಪ್‌ಗಳು ಮುಖವನ್ನು ಸ್ಪಷ್ಟ ಮಾಡಿಕೊಡುತ್ತವೆ ನಿಜ, ಆದರೆ ಕಣ್ಣು-ಮೂಗು ಊಹಿಸಿ ಬರೆದದ್ದು. ಅದು ನಿಮ್ಮ ತಂಗಿಯ ಮುಖವೇ ಅಂತ ಹೇಳಲಾಗದು. ನಾನಾದರೆ ಇದ್ದದ್ದನ್ನೇ 4×6 ಇಂಚಿನಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಆ ಅಳತೆಯಲ್ಲಿ ಸಣ್ಣ ಅಲುಗಾಟ ಅಷ್ಟಾಗಿ ಕಾಣುವುದಿಲ್ಲ.