ಉಕ್ಕಿಗೆ ಅಂಟಿಸಿದ ನಾರಿನ ಪಟ್ಟಿ ಕಡಲಲ್ಲಿ ಬಾಳುವುದೇ?

ಪ್ರಶ್ನೆ: ತುಕ್ಕಿನಿಂದ ತೆಳುವಾದ ಹಡಗಿನ ಉಕ್ಕಿಗೆ ವೆಲ್ಡಿಂಗ್ ಬದಲು ಕಾರ್ಬನ್ ಫೈಬರ್ (ಇಂಗಾಲದ ನಾರು) ಪಟ್ಟಿಯನ್ನು ಎಪಾಕ್ಸಿ ಎಂಬ ರಾಳದ ಅಂಟಿನಿಂದ ಅಂಟಿಸಿದರೆ ಉಪ್ಪುನೀರಿನಲ್ಲಿ ಬಾಳಿಕೆ ಬರುತ್ತದೆಯೇ?

ಉತ್ತರ: ಬರುತ್ತದೆ, ಆದರೆ ಸಾಮಾನ್ಯವಾಗಿ ಮೊದಲು ಸೋಲುವುದು ನಾರಲ್ಲ, ಅಂಟು ಮತ್ತು ಉಕ್ಕು ಕೂಡುವ ಜಾಗ. ಎಪಾಕ್ಸಿಯು ನಿಧಾನವಾಗಿ ನೀರು ಹೀರಿ ಮೆತ್ತಗಾಗುತ್ತದೆ. ಅಂಚಿನಿಂದ ನುಸುಳಿದ ತೇವವು ಉಕ್ಕಿನ ಮೇಲಿನ ಹಿಡಿತವನ್ನೇ ಸಡಿಲಿಸುವುದರಿಂದ, ಹೊರಗೆ ಗಟ್ಟಿಯಾಗಿ ಕಾಣುವ ಪಟ್ಟಿಯನ್ನು ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬರಬಹುದು. ಕಾರ್ಬನ್ ವಿದ್ಯುದ್ವಾಹಕವಾದ್ದರಿಂದ, ಕಡಲನೀರಿನಲ್ಲಿ ಅದು ಉಕ್ಕನ್ನು ನೇರವಾಗಿ ಮುಟ್ಟಿದರೆ ಉಕ್ಕಿನ ತುಕ್ಕು ಇನ್ನೂ ಬೇಗ ಹಬ್ಬುತ್ತದೆ. ಆದ್ದರಿಂದ ನಡುವೆ ವಿದ್ಯುತ್ ಹರಿಯಲು ಬಿಡದ ಗಾಜಿನ ನಾರಿನ ಪದರವೊಂದು ಇರಲೇಬೇಕು. ಇಂಥದೇ ನಾರು-ಅಂಟಿನ ಪದರಗಳಿಂದ ಕೊಳವೆಗಳನ್ನು ದುರಸ್ತಿ ಮಾಡುವುದಕ್ಕೆ ಸಂಬಂಧಿಸಿದ ಐಎಸ್‌ಒ 24817 ಎಂಬ ಅಂತರರಾಷ್ಟ್ರೀಯ ಮಾನದಂಡವು 20 ವರ್ಷಗಳವರೆಗಿನ ಬಾಳಿಕೆಗೆ ವಿನ್ಯಾಸ ಮಾಡಲು ಅವಕಾಶ ನೀಡುತ್ತದೆ. ಗ್ರಿಟ್ ಬ್ಲಾಸ್ಟಿಂಗ್ ಮಾಡಿ (ಚೂಪಾದ ಕಣಗಳನ್ನು ರಭಸದಿಂದ ಚಿಮ್ಮಿಸಿ ಉಕ್ಕಿನ ಮೇಲ್ಮೈ ಉಜ್ಜಿ), ಉಪ್ಪಿನಂಶ ಉಳಿಯದಂತೆ ನೋಡಿಕೊಂಡು, ಉಕ್ಕು ಮತ್ತೆ ಮಾಸುವ ಮೊದಲೇ ಅಂಟು ಹಚ್ಚಬೇಕು. ಮೇಲ್ಮೈ ಸ್ವಚ್ಛಗೊಳಿಸುವ ಹಂತದಲ್ಲಿ ದಯವಿಟ್ಟು ಅವಸರ ಮಾಡಬೇಡಿ.